ಬಜೆಟ್ ಚಿಕ್ಕದು, ಟಿವಿ ದೊಡ್ಡದು ಬೇಕು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು

ದೊಡ್ಡ ಟಿವಿ ಹುಡುಕೋಕೆ ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಮೂಲೆಯ ಸ್ಟಿಕ್ಕರ್‌ಗಳು. 4ಕೆ, ಎಚ್‌ಡಿಆರ್, ಕ್ಯೂಎಲ್‌ಇಡಿ, ಡಾಲ್ಬಿ, ಈಗ ಹೊಸದಾಗಿ ಎಐ ಬೇರೆ. ಅಗ್ಗದ ಟಿವಿಯಲ್ಲೂ ಅವೇ, ಅದರ ಎರಡರಷ್ಟು ಬೆಲೆಯದ್ದರಲ್ಲೂ ಅವೇ. ಹಾಗಾದರೆ ಜಾಸ್ತಿ ದುಡ್ಡು ಯಾವುದಕ್ಕೆ ಹೋಗುತ್ತೆ?

ಯಾರಾದರೂ ಸಲಹೆ ಕೇಳಿದರೆ ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಲೆಕ್ಕ ಹಾಕುತ್ತೇನೆ: ಇದನ್ನು ಆಮೇಲೆ ಬದಲಾಯಿಸೋಕೆ ಆಗುತ್ತಾ? ಸೌಂಡ್ ಚೆನ್ನಾಗಿಲ್ಲ ಅಂದರೆ ಮುಂದೆ ಕೈಯಲ್ಲಿ ದುಡ್ಡು ಬಂದಾಗ ಸೌಂಡ್‌ಬಾರ್ ಹಾಕಿಕೊಳ್ಳಬಹುದು. ಆ್ಯಪ್‌ಗಳು ನಿಧಾನವಾದರೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದರೆ ಆಯಿತು. ಆದರೆ ಪ್ಯಾನೆಲ್, ಅದರ ಹಿಂದಿನ ಬೆಳಕು, ಸ್ಕ್ರೀನಿನ ಅಳತೆ, ಎಚ್‌ಡಿಎಂಐ ಪೋರ್ಟು, ಇವು ನಾಲ್ಕೂ ತಂದ ದಿನ ಹೇಗಿದ್ದವೋ ಕೊನೆ ದಿನದವರೆಗೂ ಹಾಗೇ ಇರುತ್ತವೆ. ಬಜೆಟ್ ಕಡಿಮೆ ಇದ್ದಾಗ ದುಡ್ಡೆಲ್ಲ ಈ ನಾಲ್ಕಕ್ಕೇ ಹೋಗಬೇಕು. ಮಿಕ್ಕಿದ್ದರಲ್ಲಿ ಕಂಜೂಸಿತನ ಮಾಡಿದರೂ ನಡೆಯುತ್ತೆ.

ಮೊದಲು ಟೇಪು ಹಿಡಿಯಿರಿ

ಸೋಫಾದಲ್ಲಿ ನೀವು ಕೂರುವ ಜಾಗದಿಂದ ಸ್ಕ್ರೀನ್ ಬರುವ ಜಾಗಕ್ಕೆ ಎಷ್ಟು ದೂರ ಅಂತ ಅಳೆಯಿರಿ. ಗೋಡೆಯವರೆಗೆ ಅಳೆಯಬೇಡಿ, ಯಾಕೆಂದರೆ ಸ್ಟ್ಯಾಂಡ್ ಮೇಲೆ ಇಟ್ಟ ಟಿವಿ ಗೋಡೆಯಿಂದ ಒಂದಷ್ಟು ಮುಂದಕ್ಕೇ ಇರುತ್ತೆ. ಆ ದೂರವನ್ನು ಇಂಚಿನಲ್ಲಿ ಬರೆದುಕೊಂಡು 1.6ರಿಂದ ಭಾಗಿಸಿ. ಆರಾಮಾಗಿ ನೋಡೋಕೆ ಸರಿಯಾದ ಅಳತೆ ಸಿಗುತ್ತದೆ. 1.2ರಿಂದ ಭಾಗಿಸಿದರೆ ಥಿಯೇಟರ್ ತರಹ ಕಣ್ಣು ತುಂಬುವ ಅಳತೆ. ದೂರ 8 ಅಡಿ ಅಂದರೆ 96 ಇಂಚು ಅಲ್ವಾ, ಹಾಗಾಗಿ 60ರಿಂದ 80 ಇಂಚಿನ ನಡುವೆ ಯಾವುದಾದರೂ ಆಗುತ್ತದೆ, 65 ತಗೊಂಡರೆ ಯಾರೂ ಗೊಣಗುವುದಿಲ್ಲ. 6 ಅಡಿ ಇದ್ದರೆ 50 ಅಥವಾ 55. ದೂರ 10 ಅಡಿ ಇದ್ದರೆ 75ಕ್ಕೆ ಹೋಗಬಹುದು.

ಒಂದು ವಿಷಯ ಮಾತ್ರ ನೆನಪಿರಲಿ. ಈ ಲೆಕ್ಕ 4ಕೆ ಅಥವಾ ಒಳ್ಳೆಯ ಎಚ್‌ಡಿ ವಿಡಿಯೊಗೆ. ನಿಮ್ಮ ಮನೆಯಲ್ಲಿ ದಿನವಿಡೀ ಓಡುವುದು ಎಸ್‌ಡಿ ಚಾನೆಲ್‌ಗಳೇ ಆದರೆ, ದೊಡ್ಡ ಸ್ಕ್ರೀನ್ ಹತ್ತಿರ ಇಟ್ಟಷ್ಟೂ ಮುಖಗಳು ಮಸುಕಾಗಿ ಕಾಣುತ್ತವೆ. ಹಾಗಿದ್ದರೆ 1.6ರ ಲೆಕ್ಕವನ್ನೇ ಹಿಡಿಯಿರಿ, ಅದಕ್ಕಿಂತ ದೊಡ್ಡದು ಬೇಡ.

ಇಂಚು ಅಂದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದದ್ದು. ಅದಕ್ಕೇ 55 ಮತ್ತು 65ರ ನಡುವೆ ಬರೀ ಹತ್ತು ಇಂಚು ಅನ್ನಿಸಿದರೂ ಸ್ಕ್ರೀನಿನ ವಿಸ್ತೀರ್ಣ ಸುಮಾರು ಶೇ. 40ರಷ್ಟು ಹೆಚ್ಚುತ್ತದೆ. 65 ಇಂಚಿನದು ಸುಮಾರು 144 ಸೆಂ.ಮೀ. ಅಗಲ, 81 ಸೆಂ.ಮೀ. ಎತ್ತರ. 75 ಇಂಚಿನದು 166 ಸೆಂ.ಮೀ. ಅಗಲ. ಇದು ಸ್ಕ್ರೀನಿನ ಅಳತೆ, ಚೌಕಟ್ಟು ಸೇರಿದರೆ ಇನ್ನೊಂದು ಸ್ವಲ್ಪ. ಹಳೆಯ ನ್ಯೂಸ್‌ಪೇಪರ್ ಅಂಟಿಸಿ ಅಷ್ಟೇ ಅಗಲ, ಅಷ್ಟೇ ಎತ್ತರ ಮಾಡಿ ಗೋಡೆಗೆ ಹಚ್ಚಿ ಎರಡು ದಿನ ಬಿಡಿ. ಸ್ವಿಚ್‌ಬೋರ್ಡ್ ಮುಚ್ಚಿಹೋಗುತ್ತಾ, ಬಾಗಿಲು ತೆಗೆದಾಗ ತಾಗುತ್ತಾ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ.

ಸ್ಟ್ಯಾಂಡ್ ಮೇಲೆ ಇಡುವವರು ಕಾಲುಗಳ ನಡುವಿನ ಅಂತರ ನೋಡಲೇಬೇಕು. ದೊಡ್ಡ ಟಿವಿಗಳಲ್ಲಿ ನಡುವೆ ಒಂದೇ ಸ್ಟ್ಯಾಂಡ್ ಇರುವುದು ಕಡಿಮೆ, ಎರಡು ತುದಿಗೆ ಎರಡು ಕಾಲು. ಟೇಬಲ್ ಅದಕ್ಕಿಂತ ಚಿಕ್ಕದಾದರೆ ಟಿವಿ ಇಡೋಕೇ ಆಗಲ್ಲ. ಗೋಡೆಗೆ ಹಾಕುವುದಾದರೆ ಟಿವಿಯ ವೆಸಾ ಅಳತೆಗೆ (ಹಿಂಬದಿಯ ಸ್ಕ್ರೂ ತೂತುಗಳ ನಡುವಿನ ಅಂತರ) ಮತ್ತು ತೂಕಕ್ಕೆ ಸರಿಹೊಂದುವ ಮೌಂಟ್ ತಗೊಳ್ಳಿ. ತೀರಾ ಎತ್ತರಕ್ಕೆ ಹಾಕಿಸಬೇಡಿ. ಸೋಫಾದಲ್ಲಿ ಕೂತಾಗ ಕಣ್ಣು ನೆಲದಿಂದ ಸುಮಾರು 100ರಿಂದ 110 ಸೆಂ.ಮೀ. ಎತ್ತರದಲ್ಲಿರುತ್ತದೆ, ಸ್ಕ್ರೀನಿನ ನಡುಭಾಗವೂ ಹೆಚ್ಚುಕಡಿಮೆ ಅಲ್ಲೇ ಬರಬೇಕು. ಅಂದರೆ 65 ಇಂಚಿನ ಟಿವಿಯ ಕೆಳ ಅಂಚು ನೆಲದಿಂದ 65 ಸೆಂ.ಮೀ. ಆಸುಪಾಸು. ಮೊದಲ ಸಲ ನೋಡಿದಾಗ ತುಂಬಾ ಕೆಳಗಿದೆ ಅನ್ನಿಸುತ್ತದೆ. ಕೂತು ಒಂದು ಸಿನಿಮಾ ನೋಡಿ, ಕತ್ತು ಎಷ್ಟು ಹಗುರ ಅಂತ ಗೊತ್ತಾಗುತ್ತೆ.

ಪ್ಯಾನೆಲ್ ಮತ್ತು ಅದರ ಹಿಂದಿನ ಬೆಳಕು

ನಿಜವಾದ ವ್ಯತ್ಯಾಸ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಎಲ್‌ಇಡಿ ಟಿವಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಹೆಸರು ಏನೇ ಇರಲಿ, ಎಲ್ಲವೂ ಎಲ್‌ಸಿಡಿಗಳೇ. ಚಿತ್ರ ಮೂಡುವುದು ಎಲ್‌ಸಿಡಿ ಪದರದಲ್ಲಿ, ಬೆಳಕು ಬರುವುದು ಅದರ ಹಿಂದಿನ ಎಲ್‌ಇಡಿಗಳಿಂದ. ಕ್ಯೂಎಲ್‌ಇಡಿ ಅಂದರೆ ನಡುವೆ ಕ್ವಾಂಟಮ್ ಡಾಟ್ ಪದರವೊಂದು ಸೇರಿರುತ್ತದೆ, ಬಣ್ಣ ಹೆಚ್ಚು ಗಾಢವಾಗಿ ಬರುತ್ತದೆ, ಅಷ್ಟೇ. ಒಎಲ್‌ಇಡಿ ಮಾತ್ರ ಬೇರೆ ಜಾತಿ. ಅದರಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಬೇಡವಾದಾಗ ಪೂರ್ತಿ ಆರಿಹೋಗುತ್ತದೆ, ಹಾಗಾಗಿ ಕಪ್ಪು ಅಂದರೆ ಅಚ್ಚ ಕಪ್ಪು.

ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ವಿಎ ಪ್ಯಾನೆಲ್‌ನಲ್ಲಿ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅಂತರ, ಸಾಮಾನ್ಯವಾಗಿ 3000ಕ್ಕೆ 1 ಅಥವಾ ಅದಕ್ಕಿಂತ ಹೆಚ್ಚು. ಐಪಿಎಸ್‌ನಲ್ಲಿ ಅದು 1000ಕ್ಕೆ 1ರ ಹತ್ತಿರ. ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡುವವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಐಪಿಎಸ್‌ನಲ್ಲಿ ಕತ್ತಲೆಯ ದೃಶ್ಯವೆಲ್ಲ ಬೂದುಬೂದು. ಆದರೆ ವಿಎ ಪ್ಯಾನೆಲ್‌ ಅನ್ನು ಪಕ್ಕದಿಂದ ನೋಡಿದರೆ ಬಣ್ಣ ತೊಳೆದುಹೋದ ಹಾಗೆ ಕಾಣುತ್ತದೆ. ಹಾಲ್ ಅಗಲವಾಗಿದ್ದು ಜನ ಮೂರೂ ಕಡೆ ಕೂರುವ ಮನೆಯಾದರೆ ಐಪಿಎಸ್ ತಗೊಳ್ಳೋದಕ್ಕೂ ಕಾರಣ ಇದೆ. ಎಲ್ಲರೂ ಎದುರಿಗೇ ಕೂರುತ್ತೀರಾ? ಹಾಗಾದರೆ ವಿಎ, ಯೋಚನೆ ಬೇಡ. ಕಂಪನಿಗಳು ಇದನ್ನು ಪೆಟ್ಟಿಗೆ ಮೇಲೆ ಬರೆಯುವುದು ಅಪರೂಪ. ಇನ್ನೂ ತಲೆನೋವಿನ ವಿಷಯ ಏನೆಂದರೆ, ಒಂದೇ ಸೀರೀಸ್‌ನಲ್ಲಿ 55 ಇಂಚಿಗೆ ಒಂದು ಬಗೆಯ ಪ್ಯಾನೆಲ್, 65ಕ್ಕೆ ಇನ್ನೊಂದು ಬಗೆ ಹಾಕಿರುವುದೂ ಉಂಟು. ಹಾಗಾಗಿ ರಿವ್ಯೂ ಓದುವಾಗ ಅದು ನಿಮ್ಮ ಅಳತೆಯದ್ದೇನಾ ಅಂತ ನೋಡಿಕೊಳ್ಳಿ.

ಈಗ ಹಿಂದಿನ ಬೆಳಕು. ತೀರಾ ತೆಳ್ಳಗಿರುವ ಟಿವಿಗಳಲ್ಲಿ ಎಲ್‌ಇಡಿಗಳು ಅಂಚಿನಲ್ಲಿ ಮಾತ್ರ ಇರುತ್ತವೆ, ಇದು ಎಡ್ಜ್ ಲಿಟ್. ಸ್ಕ್ರೀನಿನ ಹಿಂದೆ ಪೂರ್ತಿ ಹರಡಿದ್ದರೆ ಡೈರೆಕ್ಟ್ ಲಿಟ್. ಹೀಗೆ ಹರಡಿದ ಎಲ್‌ಇಡಿಗಳನ್ನು ಗುಂಪು ಗುಂಪಾಗಿ ಬೇರೆ ಬೇರೆ ಹೊಳಪಿಗೆ ತರೋಕೆ ಆದರೆ ಅದು ಫುಲ್ ಅರೇ ಲೋಕಲ್ ಡಿಮ್ಮಿಂಗ್. ಲೋಕಲ್ ಡಿಮ್ಮಿಂಗ್ ಇಲ್ಲದ ಟಿವಿ ಅಂದರೆ ಇಡೀ ಮನೆಯ ದೀಪಗಳಿಗೆಲ್ಲ ಒಂದೇ ಸ್ವಿಚ್ ಇದ್ದ ಹಾಗೆ, ಒಂದು ಮೂಲೆಯಲ್ಲಿ ಬೆಳಕು ಬೇಕೆಂದರೆ ಎಲ್ಲ ಕಡೆ ಉರಿಯಲೇಬೇಕು. ಮಿನಿ ಎಲ್‌ಇಡಿಯಲ್ಲಿ ದೀಪಗಳು ಇನ್ನೂ ಸಣ್ಣವು, ಗುಂಪುಗಳೂ ಜಾಸ್ತಿ. ಆ ಗುಂಪಿಗೇ ಜೋನ್ ಅನ್ನುವುದು. ಎರಡು ಮಿನಿ ಎಲ್‌ಇಡಿ ಟಿವಿಗಳಲ್ಲಿ ಒಂದಕ್ಕೆ ನೂರರ ಆಸುಪಾಸು ಜೋನ್, ಇನ್ನೊಂದಕ್ಕೆ ಐನೂರು ಇರಬಹುದು, ಸ್ಟಿಕ್ಕರ್ ಮಾತ್ರ ಎರಡರ ಮೇಲೂ ಒಂದೇ! ಆದ್ದರಿಂದ ಜೋನ್ ಎಷ್ಟು ಅಂತ ಕೇಳಿ. ಹೇಳೋಕೆ ಅಂಗಡಿಯವರು ತಡವರಿಸಿದರೆ ರಿವ್ಯೂನಲ್ಲಿ ಹುಡುಕಿ.

ನೀವೇ ಪರೀಕ್ಷೆ ಮಾಡುವ ದಾರಿಯೂ ಇದೆ. ಕಪ್ಪು ಸ್ಕ್ರೀನಿನ ಮೇಲೆ ಬಿಳಿ ಅಕ್ಷರ ಮೇಲಕ್ಕೆ ಸರಿಯುವ, ಸಿನಿಮಾ ಮುಗಿದ ಮೇಲಿನ ಹೆಸರುಗಳ ಭಾಗವನ್ನು ಹಾಕಿಸಿ ನೋಡಿ. ಅಕ್ಷರದ ಸುತ್ತ ಮಂಜಿನಂತೆ ಬೆಳಕು ಹಬ್ಬಿ ಅದರ ಜೊತೆಗೇ ಮೇಲಕ್ಕೆ ಹೋಗುತ್ತಿದ್ದರೆ ಜೋನ್ ಕಡಿಮೆ ಅಂತ ಅರ್ಥ. ಮೇಲಿಂದ ಕೆಳಗಿನವರೆಗೆ ಉದ್ದಕ್ಕೂ ಪಟ್ಟಿಯಂತೆ ಬೆಳಗಿದರೆ ಅದು ಎಡ್ಜ್ ಲಿಟ್, ಲೋಕಲ್ ಡಿಮ್ಮಿಂಗ್ ಅಂತ ಬರೆದಿರುವುದು ಹೆಸರಿಗೆ ಮಾತ್ರ. ಇಡೀ ಸ್ಕ್ರೀನ್ ಒಂದೇ ಸಮ ಬೂದು ಇದ್ದರೆ ಡಿಮ್ಮಿಂಗೇ ಇಲ್ಲ.

ಎಚ್‌ಡಿಆರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಬೆಳಕಿಗೂ ಕತ್ತಲೆಗೂ ಹೆಚ್ಚು ಅಂತರ ಇಟ್ಟು ತೋರಿಸುವ ವಿಡಿಯೊ ಅದು, ಎಚ್‌ಡಿಆರ್10 ಅದರ ಸಾಮಾನ್ಯ ಬಗೆ. ಎಚ್‌ಡಿಆರ್10 ಸಪೋರ್ಟ್ ಅಂದರೆ ಆ ಸಿಗ್ನಲ್ ಬಂದರೆ ಟಿವಿಗೆ ಓದೋಕೆ ಬರುತ್ತದೆ ಅಂತ ಮಾತ್ರ. ತೋರಿಸುವಷ್ಟು ಹೊಳಪು ಇದೆಯಾ ಅನ್ನುವುದು ಬೇರೆ ಪ್ರಶ್ನೆ. ಅಗ್ಗದ ಟಿವಿಗಳ ಹೊಳಪು 250ರಿಂದ 350 ನಿಟ್ಸ್ (ಹೊಳಪಿನ ಅಳತೆ) ಇರುತ್ತದೆ, ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್ಸ್‌ಗೆ ಸಿದ್ಧಪಡಿಸಿರುತ್ತಾರೆ. 600 ನಿಟ್ಸ್ ದಾಟಿ, ಜೊತೆಗೆ ಲೋಕಲ್ ಡಿಮ್ಮಿಂಗ್ ಇದ್ದರೆ ಎಚ್‌ಡಿಆರ್ ಅಂದರೆ ಏನು ಅಂತ ಕಣ್ಣಿಗೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಬರೀ ಸ್ಟಿಕ್ಕರ್. ಹಗಲು ಹೊತ್ತು ಕಿಟಕಿಯಿಂದ ನೇರ ಬೆಳಕು ಬೀಳುವ ಹಾಲ್ ಆದರೆ ಹೊಳಪು ಇನ್ನೂ ಮುಖ್ಯ.

ಒಎಲ್‌ಇಡಿ ಬಜೆಟ್‌ಗೆ ಬಂದರೆ? ಹಿಂದಿನ ವರ್ಷದ ಮಾಡೆಲ್ ಕೆಲವೊಮ್ಮೆ ಬರುತ್ತದೆ, ಆದರೆ ಅದೇ ದುಡ್ಡಿಗೆ ಅದಕ್ಕಿಂತ ದೊಡ್ಡ ಮಿನಿ ಎಲ್‌ಇಡಿ ಸಿಗುತ್ತದೆ. ಕತ್ತಲೆ ಕೋಣೆ, ಸಿನಿಮಾ ಹುಚ್ಚು, ಇವೆರಡೂ ಇದ್ದವರು ಒಎಲ್‌ಇಡಿಯ ಕಡೆ ನೋಡಬಹುದು. ಬೆಳಗಿನಿಂದ ರಾತ್ರಿವರೆಗೆ ಒಂದೇ ನ್ಯೂಸ್ ಚಾನೆಲ್ ಓಡುವ ಮನೆಯಾದರೆ ಬೇಡ, ಕೆಳಗಿನ ಪಟ್ಟಿ ಮತ್ತು ಮೂಲೆಯ ಲೋಗೊ ವರ್ಷಗಳು ಕಳೆದಂತೆ ಸ್ಕ್ರೀನಿನಲ್ಲಿ ಅಚ್ಚಾಗಿ ಉಳಿಯುವ ಅಪಾಯ ಇದೆ.

ರೆಸಲ್ಯೂಶನ್, ಹರ್ಟ್ಸ್, ಪೋರ್ಟು

ರೆಸಲ್ಯೂಶನ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವುದು ಏನೂ ಇಲ್ಲ. ದೊಡ್ಡ ಟಿವಿ ಅಂದರೆ 4ಕೆ, ಅಂದರೆ 3840×2160. 8ಕೆ ಬೇಡ, ಅದರಲ್ಲಿ ನೋಡೋಕೆ ಏನೂ ಇಲ್ಲ. ನೂರು ಕೋಟಿ ಬಣ್ಣ ಅನ್ನುವ ಮಾತಿಗೂ ಜಾಸ್ತಿ ಬೆಲೆ ಕೊಡಬೇಡಿ.

ಹರ್ಟ್ಸ್ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಮೋಷನ್ ರೇಟ್ 240 ತರಹದ ಹೆಸರುಗಳಿಗೂ ಪ್ಯಾನೆಲ್‌ಗೂ ಸಂಬಂಧ ಇಲ್ಲ, ನೋಡಬೇಕಾದ್ದು ನೇಟಿವ್ ರಿಫ್ರೆಶ್ ರೇಟ್, ಅಂದರೆ ಪ್ಯಾನೆಲ್ ಸೆಕೆಂಡಿಗೆ ನಿಜವಾಗಿ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದು. ಅದು 60 ಅಥವಾ 120 ಇರುತ್ತದೆ, ಕೆಲವು ಟಿವಿಗಳಲ್ಲಿ 144. ಇನ್ನೊಂದು ಉಪಾಯವೂ ಓಡಾಡುತ್ತಿದೆ. 60 ಹರ್ಟ್ಸ್ ಪ್ಯಾನೆಲ್ಲನ್ನೇ ಎರಡೆರಡು ಸಾಲು ಒಟ್ಟಿಗೆ ಓಡಿಸಿ, ರೆಸಲ್ಯೂಶನ್ ಅರ್ಧ ಮಾಡಿ 120 ಅನ್ನುವುದು. ಇದಕ್ಕೆ ಡಿಎಲ್‌ಜಿ ಅಂತ ಹೆಸರು. ಸ್ಪೆಸಿಫಿಕೇಶನ್‌ನಲ್ಲಿ ಆ ಮೂರಕ್ಷರ ಕಂಡರೆ ಅದು 60 ಅಂತಲೇ ತಿಳಿದುಕೊಳ್ಳಿ.

120 ಬೇಕೇಬೇಕಾ? ಸಿನಿಮಾಗಳು ಸೆಕೆಂಡಿಗೆ 24 ಫ್ರೇಮ್. 120 ಅನ್ನು 24ರಿಂದ ಭಾಗಿಸಿದರೆ ಸರಿಯಾಗಿ 5. 60 ಅನ್ನು ಭಾಗಿಸಿದರೆ ಎರಡೂವರೆ, ಹಾಗಾಗಿ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ತೋರಿಸಬೇಕಾಗುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಹೊರಳುವಾಗ ಸಣ್ಣಗೆ ಎಳೆದಂತೆ ಅನ್ನಿಸುವುದು ಇದರಿಂದಲೇ. ಎಲ್ಲರ ಕಣ್ಣಿಗೂ ಅದು ಬೀಳುವುದಿಲ್ಲ, ಕೆಲವು 60 ಹರ್ಟ್ಸ್ ಟಿವಿಗಳು ಅದನ್ನು ಸರಿಮಾಡಿಕೊಳ್ಳುತ್ತವೆ ಕೂಡ. ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ತರಹದ ಗೇಮ್ ಕನ್ಸೋಲ್ ಇರುವವರಿಗೆ 120 ನಿಜಕ್ಕೂ ಉಪಯೋಗ. ಸ್ಪೋರ್ಟ್ಸ್ ಜಾಸ್ತಿ ನೋಡುವವರಿಗೂ ಪರವಾಗಿಲ್ಲ. ಬರೀ ಧಾರಾವಾಹಿ, ನ್ಯೂಸ್, ಯೂಟ್ಯೂಬ್ ಅನ್ನುವವರು 60ರಲ್ಲೇ ಇದ್ದು, ಉಳಿದ ದುಡ್ಡನ್ನು ಲೋಕಲ್ ಡಿಮ್ಮಿಂಗ್‌ಗೆ ಹಾಕಿ.

ಎಚ್‌ಡಿಎಂಐ ಪೋರ್ಟು ಮೂರಾದರೂ ಇರಲಿ. ಸೆಟ್‌ಟಾಪ್ ಬಾಕ್ಸ್ ಒಂದು, ಸೌಂಡ್‌ಬಾರ್ ಒಂದು, ಮುಂದೆ ಬರುವ ಸ್ಟಿಕ್ಕಿಗೋ ಕನ್ಸೋಲಿಗೋ ಇನ್ನೊಂದು, ಅಲ್ಲಿಗೆ ಮೂರೂ ತುಂಬಿತು. ಒಂದರ ಮೇಲೆ ಇಎಆರ್‌ಸಿ ಅಂತ ಬರೆದಿದ್ದರೆ ಒಳ್ಳೆಯದು, ಟಿವಿಯ ಸೌಂಡ್ ಸೌಂಡ್‌ಬಾರ್‌ಗೆ ಹೋಗುವುದು ಅದರಿಂದ. ಎಚ್‌ಡಿಎಂಐ 2.1 ಅನ್ನುವ ಅಂಕಿಯೊಂದನ್ನೇ ನಂಬಬೇಡಿ, ಅದರ ಎಷ್ಟೋ ಸೌಲಭ್ಯಗಳು ಕಡ್ಡಾಯವಲ್ಲ. 4ಕೆ 120 ಓಡುತ್ತಾ, ವಿಆರ್‌ಆರ್ (ಗೇಮ್‌ನ ವೇಗಕ್ಕೆ ತಕ್ಕಂತೆ ರಿಫ್ರೆಶ್ ರೇಟ್ ಬದಲಾಗುವುದು) ಇದೆಯಾ ಅಂತ ಬಿಡಿಸಿ ಕೇಳಿ.

ಸ್ಮಾರ್ಟ್ ಮತ್ತು ಸೌಂಡ್

ಗೂಗಲ್ ಟಿವಿಯೋ, ವೆಬ್ಒಎಸ್ಸೋ, ಟೈಜೆನ್ನೋ, ಟಿವಿ ಓಡಿಸುವ ಸಾಫ್ಟ್‌ವೇರ್ ಯಾವುದು ಅನ್ನುವ ಜಗಳಕ್ಕೆ ಜಾಸ್ತಿ ಹೊತ್ತು ಕೊಡಬೇಡಿ. ಕೆಲವು ವರ್ಷ ಕಳೆದ ಮೇಲೆ ಎಲ್ಲವೂ ನಿಧಾನವಾಗುತ್ತವೆ, ಅಪ್‌ಡೇಟ್ ನಿಲ್ಲುತ್ತದೆ, ಆಗ ಸ್ಟಿಕ್ ಇದ್ದೇ ಇದೆ. 2 ಜಿಬಿ ರ್‍ಯಾಮ್ ಇರುವುದನ್ನು ನೋಡಿ ತಗೊಳ್ಳಿ, ಸಾಕು. ಹೆಸರು ಕೇಳಿರದ ಬ್ರ್ಯಾಂಡ್ ಆದರೆ ಮಾತ್ರ ಒಂದು ವಿಷಯ ಖಚಿತ ಮಾಡಿಕೊಳ್ಳಿ: ನೀವು ನೋಡುವ ಆ್ಯಪ್ ಅದರಲ್ಲಿ 4ಕೆಯಲ್ಲಿ ಓಡುತ್ತಾ? ಆಂಡ್ರಾಯ್ಡ್ ಟಿವಿಗಳಲ್ಲಿ ವೈಡ್‌ವೈನ್ ಎಲ್1 (ವಿಡಿಯೊ ನಕಲು ತಡೆಯುವ ವ್ಯವಸ್ಥೆಯ ಮೇಲಿನ ಹಂತ) ಇಲ್ಲದಿದ್ದರೆ ಕೆಲವು ಆ್ಯಪ್‌ಗಳು ಎಸ್‌ಡಿಯಲ್ಲೇ ನಿಂತುಬಿಡುತ್ತವೆ. 4ಕೆ ಸ್ಟ್ರೀಮಿಂಗ್‌ಗೆ ಇಂಟರ್ನೆಟ್ 15ರಿಂದ 25 ಎಂಬಿಪಿಎಸ್ ನಿರಂತರ ಸಿಗಬೇಕು, ಕೆಲವು ಆ್ಯಪ್‌ಗಳಲ್ಲಿ 4ಕೆ ಇರುವುದು ದುಬಾರಿ ಪ್ಲ್ಯಾನಿನಲ್ಲಿ ಮಾತ್ರ. ಇದನ್ನೂ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಸ್ಮಾರ್ಟ್ ಟಿವಿ ಇಷ್ಟು ಅಗ್ಗಕ್ಕೆ ಸಿಗೋದಕ್ಕೆ ಒಂದು ಕಾರಣ ಹೋಮ್ ಸ್ಕ್ರೀನಿನ ಜಾಹೀರಾತು ಮತ್ತು ನೀವು ಏನು ನೋಡುತ್ತೀರಿ ಅನ್ನುವ ಮಾಹಿತಿ. ಅಮೆರಿಕದಲ್ಲಿ ವಿಜಿಯೊ ಕಂಪನಿ ಒಪ್ಪಿಗೆ ಪಡೆಯದೆ ಇಂಥ ಮಾಹಿತಿ ಸಂಗ್ರಹಿಸಿದ ಆರೋಪದ ಕೇಸನ್ನು 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ಮುಗಿಸಿಕೊಂಡಿತು. ಮೊದಲ ಸಲ ಟಿವಿ ಆನ್ ಮಾಡಿದಾಗ ಬರುವ ಒಪ್ಪಂದಗಳಿಗೆಲ್ಲ ಸುಮ್ನೆ ಓಕೆ ಒತ್ತಬೇಡಿ. ನೋಡುವಿಕೆಯ ಮಾಹಿತಿ, ಜಾಹೀರಾತು ಅಂತ ಇರುವುದನ್ನು ಬಿಟ್ಟರೂ ಟಿವಿ ಓಡುತ್ತದೆ.

ಸೌಂಡ್ ವಿಷಯ ಚಿಕ್ಕದು. ತೆಳ್ಳನೆಯ ಟಿವಿಯಲ್ಲಿ ಸ್ಪೀಕರ್‌ಗೆ ಜಾಗವೇ ಇಲ್ಲ, ಹೆಚ್ಚಿನವು ಕೆಳಗೆ ಮುಖ ಮಾಡಿರುತ್ತವೆ. 20 ವ್ಯಾಟ್, 30 ವ್ಯಾಟ್, ಡಾಲ್ಬಿ ಆಟ್ಮಾಸ್ ಲೋಗೊ, ಯಾವುದಕ್ಕೂ ಹೆಚ್ಚು ದುಡ್ಡು ಕೊಡಬೇಡಿ. ಮಾತು ಸ್ಪಷ್ಟವಾಗಿ ಕೇಳದಿದ್ದರೆ ಸಾಧಾರಣ ಸೌಂಡ್‌ಬಾರ್ ಕೂಡ ಅದನ್ನು ಸರಿಮಾಡುತ್ತದೆ.

ನೋಡುವುದು ಹೇಗೆ, ಕೊಳ್ಳುವುದು ಯಾವಾಗ

ಅಂಗಡಿಯಲ್ಲಿ ಟಿವಿಗಳು ಸ್ಟೋರ್ ಮೋಡಿನಲ್ಲಿ ಓಡುತ್ತಿರುತ್ತವೆ. ಹೊಳಪು, ಬಣ್ಣ ಎರಡೂ ತುತ್ತತುದಿಗೆ, ಓಡುವ ವಿಡಿಯೊ ಕೂಡ ಅದಕ್ಕೆಂದೇ ಮಾಡಿದ್ದು. ಹೂವು, ಗಿಳಿ, ಬಣ್ಣದ ಬಲೂನು ಯಾವ ಟಿವಿಯಲ್ಲೂ ಚೆನ್ನಾಗಿಯೇ ಕಾಣುತ್ತವೆ. ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಮೂರು ತುಣುಕು ಒಯ್ಯಿರಿ: ಒಂದು ಕತ್ತಲೆಯ ದೃಶ್ಯ, ಒಂದು ಫುಟ್‌ಬಾಲ್ ಅಥವಾ ಕ್ರಿಕೆಟ್, ಒಂದು ಹಳೆಯ ಎಸ್‌ಡಿ ವಿಡಿಯೊ. ಮೋಡನ್ನು ಸ್ಟ್ಯಾಂಡರ್ಡ್ ಅಥವಾ ಮೂವಿಗೆ ಬದಲಾಯಿಸಲು ಹೇಳಿ. ಮುಜುಗರ ಬೇಡ, ದುಡ್ಡು ನಿಮ್ಮದು. ಆಟದ ದೃಶ್ಯದಲ್ಲಿ ಕ್ಯಾಮೆರಾ ಹಸಿರು ಮೈದಾನದ ಮೇಲೆ ಓಡುವಾಗ ಮಾಸಲು ಪಟ್ಟಿಗಳು ನಿಂತಲ್ಲೇ ನಿಂತಿವೆಯಾ ಗಮನಿಸಿ. ಬೆಳಕು ಒಂದೇ ಸಮ ಹರಡಿಲ್ಲ ಅನ್ನುವುದರ ಗುರುತು ಅದು. ಹಳೆಯ ವಿಡಿಯೊದಲ್ಲಿ ಮುಖಗಳು ಮೇಣದ ಬೊಂಬೆಯಾಗಿವೆಯಾ ನೋಡಿ.

ಆನ್‌ಲೈನಿನಲ್ಲೇ ಕೊಳ್ಳುವುದಾದರೆ ಅಳತೆ ಮಾಡಿ ಅಂಕಿ ಕೊಡುವ ರಿವ್ಯೂ ಹುಡುಕಿ. ಆರ್‌ಟಿಂಗ್ಸ್ ಅನ್ನುವ ರಿವ್ಯೂ ವೆಬ್‌ಸೈಟಿನವರು ಟಿವಿಗಳನ್ನು ತಾವೇ ಕೊಂಡು ಕಾಂಟ್ರಾಸ್ಟ್, ನಿಟ್ಸ್ ಎಲ್ಲ ಅಳೆದು ಹಾಕುತ್ತಾರೆ. ಮಾಡೆಲ್ ಸಂಖ್ಯೆಯ ಒಂದೊಂದು ಅಕ್ಷರವೂ ಹೊಂದಬೇಕು, ದೇಶದಿಂದ ದೇಶಕ್ಕೆ ಹೆಸರು ಬದಲಾಗುತ್ತದೆ. ಬಳಸಿದವರ ರಿವ್ಯೂಗಳಲ್ಲಿ ಐದು ಸ್ಟಾರ್ ಬಿಟ್ಟು ಎರಡು, ಮೂರು ಸ್ಟಾರಿನವನ್ನು ಓದಿ, ವಿಷಯ ಅಲ್ಲಿ ಸಿಗುತ್ತದೆ.

ಕಂಪನಿಗಳು ಹೊಸ ಮಾಡೆಲ್‌ಗಳನ್ನು ಜನವರಿಯಲ್ಲಿ ಲಾಸ್ ವೇಗಾಸ್‌ನ ಸಿಇಎಸ್ ಮೇಳದ ಹೊತ್ತಿಗೆ ತೋರಿಸುತ್ತವೆ, ಮಾರಾಟಕ್ಕೆ ಬರುವುದು ಅದರ ಮುಂದಿನ ತಿಂಗಳುಗಳಲ್ಲಿ. ಆಗ ಹಿಂದಿನ ವರ್ಷದ ಸ್ಟಾಕ್ ಇಳಿಯುತ್ತದೆ. ನನ್ನನ್ನು ಕೇಳಿದರೆ ಕಡಿಮೆ ಬಜೆಟ್‌ನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ: ಈ ವರ್ಷದ ಅಗ್ಗದ ಮಾಡೆಲ್ ಬಿಟ್ಟು, ಹೋದ ವರ್ಷದ ಮಧ್ಯಮ ಮಾಡೆಲ್ ಹಿಡಿಯುವುದು. ಒಂದು ವರ್ಷದಲ್ಲಿ ಟಿವಿಯಲ್ಲಿ ದೊಡ್ಡ ಬದಲಾವಣೆ ಏನೂ ಆಗಲ್ಲ, ಒಂದು ಮೆಟ್ಟಿಲು ಮೇಲಿನ ಪ್ಯಾನೆಲ್ ಸಿಕ್ಕರೆ ಮಾತ್ರ ದಿನಾ ಕಾಣುತ್ತದೆ. ಡಿಸ್‌ಪ್ಲೇಗೆ ಇಟ್ಟಿದ್ದ ಟಿವಿ ಅಗ್ಗಕ್ಕೆ ಕೊಡ್ತೀವಿ ಅಂದರೆ ತಗೋಬೇಡಿ, ಅದು ಇಡೀ ದಿನ ಪೂರ್ತಿ ಹೊಳಪಿನಲ್ಲಿ ಉರಿದಿರುತ್ತದೆ.

ಮನೆಗೆ ಬಂದ ಮೇಲೆ

ಪೆಟ್ಟಿಗೆ ಮೆಟ್ಟಿಲಲ್ಲಿ, ಲಿಫ್ಟಿನಲ್ಲಿ ಹಿಡಿಸುತ್ತಾ ಅಂತ ಮೊದಲೇ ಅಳೆದಿಟ್ಟುಕೊಳ್ಳಿ. ಟಿವಿಯನ್ನು ಯಾವಾಗಲೂ ನಿಲ್ಲಿಸಿಯೇ ಸಾಗಿಸಬೇಕು, ಮಲಗಿಸಬಾರದು. ಪೆಟ್ಟಿಗೆ ತೆಗೆಯುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿ. ಒಡೆದ ಪ್ಯಾನೆಲ್ ವಾರಂಟಿಯಲ್ಲಿ ಬರುವುದಿಲ್ಲ, ಸಾಗಣೆಯಲ್ಲೇ ಒಡೆದಿತ್ತು ಅನ್ನೋಕೆ ಸಾಕ್ಷಿ ಬೇಕು. ಗೋಡೆಗೆ ಮೊಳೆ ಹೊಡೆಯುವ ಮುಂಚೆಯೇ ಆನ್ ಮಾಡಿ, ಯೂಟ್ಯೂಬ್‌ನಲ್ಲಿ ಸ್ಕ್ರೀನ್ ಟೆಸ್ಟ್ ಅಂತ ಹುಡುಕಿ, ಕೆಂಪು, ಹಸಿರು, ನೀಲಿ, ಬಿಳಿ, ಬೂದು, ಕಪ್ಪು ಒಂದೊಂದಾಗಿ ಹಾಕಿ ನೋಡಿ. ಸತ್ತ ಪಿಕ್ಸೆಲ್ ಚುಕ್ಕಿಯಾಗಿ ಕಾಣುತ್ತದೆ. ಬೂದು ಬಣ್ಣದಲ್ಲಿ ಮೂಲೆಗಳು ಒಂದಿಷ್ಟು ಮಬ್ಬಾಗಿರುವುದು ಎಲ್ಲ ಟಿವಿಯಲ್ಲೂ ಇದ್ದದ್ದೇ, ನಡುಮಧ್ಯೆ ಕಲೆ ಇದ್ದರೆ ವಾಪಸ್ ಮಾಡಿ. ವಾಪಸ್ ಮಾಡುವ ಗಡುವು ಮುಗಿಯುವವರೆಗೆ ಪೆಟ್ಟಿಗೆ, ಥರ್ಮೋಕೋಲ್ ಎಸೆಯಬೇಡಿ.

ಆಮೇಲೆ ಸೆಟ್ಟಿಂಗ್ಸ್. ಪಿಕ್ಚರ್ ಮೋಡ್ ಅನ್ನು ಮೂವಿ, ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ಹಾಕಿ. ಮೊದಲ ದಿನ ಹಳದಿ ಹಳದಿ ಅನ್ನಿಸುತ್ತದೆ, ಅಂಗಡಿಯ ನೀಲಿ ಬಿಳುಪಿಗೆ ಕಣ್ಣು ಒಗ್ಗಿರುತ್ತದೆ ಅಲ್ವಾ, ಒಂದು ವಾರ ತಡೆದುಕೊಳ್ಳಿ. ಮೋಷನ್ ಸ್ಮೂತಿಂಗ್ (ನಡುನಡುವೆ ಕೃತಕ ಫ್ರೇಮ್ ಸೇರಿಸುವುದು) ಆಫ್ ಮಾಡಿ, ಸಿನಿಮಾ ಧಾರಾವಾಹಿಯಂತೆ ಕಾಣುವುದು ನಿಲ್ಲುತ್ತದೆ. ಕ್ರಿಕೆಟ್‌ಗೆ ಬೇಕಾದರೆ ಆನ್ ಮಾಡಿಕೊಳ್ಳಿ. ಶಾರ್ಪ್‌ನೆಸ್ ಇಳಿಸಿ, ಅದು ಹೊಸ ವಿವರ ತರುವುದಿಲ್ಲ, ಅಂಚುಗಳಿಗೆ ಬಿಳಿ ಗೆರೆ ಎಳೆಯುತ್ತದೆ. ಹೊಳಪು ಕೋಣೆಗೆ ಎಷ್ಟು ಬೇಕೋ ಅಷ್ಟೇ ಇಡಿ. ಬ್ಯಾಕ್‌ಲೈಟ್ ಸದಾ 100ರಲ್ಲಿ ಉರಿದರೆ ಹಿಂದಿನ ಎಲ್‌ಇಡಿಗಳು ಬಿಸಿಯಾಗಿ ಬೇಗ ಕೆಡುತ್ತವೆ, ದೊಡ್ಡ ಟಿವಿಯಲ್ಲಿ ಅದರ ರಿಪೇರಿಗೆ ಇಡೀ ಪ್ಯಾನೆಲ್ ಬಿಚ್ಚಬೇಕು.

ಕೊನೆಗೆ ಎಷ್ಟೋ ಮನೆಗಳಲ್ಲಿ ಯಾರೂ ಮುಟ್ಟದ ಒಂದು ಆಯ್ಕೆ. ಸ್ಟಿಕ್, ಕನ್ಸೋಲ್ ಅಥವಾ 4ಕೆ ಸೆಟ್‌ಟಾಪ್ ಬಾಕ್ಸ್ ಸಿಕ್ಕಿಸಿದ ಎಚ್‌ಡಿಎಂಐ ಪೋರ್ಟಿಗೆ ಟಿವಿಯ ಮೆನುವಿನಲ್ಲಿ ಡೀಪ್ ಕಲರ್ ಅಥವಾ ಎನ್‌ಹ್ಯಾನ್ಸ್ಡ್ ಅನ್ನುವ ಹೆಸರಿನ ಸೆಟ್ಟಿಂಗ್ ಇರುತ್ತದೆ, ಹಲವು ಟಿವಿಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಅದನ್ನು ಆನ್ ಮಾಡದಿದ್ದರೆ ಎಚ್‌ಡಿಆರ್ ಬರುವುದಿಲ್ಲ. ಮೆನುವಿನ ಎಕ್ಸ್‌ಟರ್ನಲ್ ಡಿವೈಸ್ ಅಥವಾ ಇನ್‌ಪುಟ್ ಭಾಗದಲ್ಲಿ ಹುಡುಕಿ, ಒಂದೊಂದು ಪೋರ್ಟಿಗೂ ಬೇರೆ ಬೇರೆಯಾಗಿ ಇರುತ್ತದೆ.